ನಿದ್ದೆ ಬರಲಿ, ಲೆಕ್ಕ ತಪ್ಪದಿರಲಿ

ದೊಡ್ಡವರ ಆಂಜಿಯೋಗ್ರಾಂಗೆ ಮಣಿಕಟ್ಟಿನ ಅಥವಾ ತೊಡೆಸಂದಿನ ಚರ್ಮವನ್ನು ಮರಗಟ್ಟಿಸಿದರೆ ಸಾಕು. ರೋಗಿ ಎಚ್ಚರವಾಗಿಯೇ ಇದ್ದು ಪರದೆಯ ಮೇಲೆ ತನ್ನದೇ ರಕ್ತನಾಳಗಳನ್ನು ನೋಡುತ್ತಾನೆ. ಕೆಲವರು ವೈದ್ಯರೊಡನೆ ಮಾತಿಗೂ ಇಳಿಯುತ್ತಾರೆ. ಎರಡು ವರ್ಷದ ಮಗುವಿನಿಂದ ಇದನ್ನು ನಿರೀಕ್ಷಿಸುವಂತಿಲ್ಲ. ಒಂದು ಮಿಲಿಮೀಟರಿಗಿಂತ ತುಸು ದಪ್ಪದ ಕ್ಯಾತಿಟರ್ ನಳಿಗೆ ತೊಡೆಸಂದಿನಿಂದ ಹೃದಯದ ತನಕ ಏರುತ್ತಿರುವಾಗ ಮಗು ಒಮ್ಮೆ ಕಾಲು ಝಾಡಿಸಿದರೂ ಅದರ ತುದಿ ಹೃದಯದ ತೆಳುಗೋಡೆಗೆ ತಿವಿದೀತು. ಹಾಗಾಗಿ ಮಕ್ಕಳನ್ನು ಈ ನಳಿಗೆ ತೂರಿಸುವ ಕೋಣೆಗೆ, ಅಂದರೆ ಕ್ಯಾಥ್‌ಲ್ಯಾಬಿಗೆ, ಒಯ್ಯುವುದೆಂದರೆ ಬಹುಪಾಲು ಅರಿವಳಿಕೆ ಕೊಟ್ಟೇ ಒಯ್ಯುವುದು. ಅದರಲ್ಲೂ ಹೆಚ್ಚು ಬಳಕೆಯಲ್ಲಿರುವುದು ಅಭಿಧಮನಿಯ ಮೂಲಕ, ಊರ ಮಾತಿನಲ್ಲಿ ಹೇಳುವುದಾದರೆ ‘ನರಕ್ಕೆ’, ಕೊಡುವ ಅರಿವಳಿಕೆ. ಮೇಲ್ನೋಟಕ್ಕೆ ಇದು ಮಗುವನ್ನು ಮಲಗಿಸುವ ಕೆಲಸ. ತೊಡಕಿರುವುದು ಒಳಗೆ: ಮಲಗಿಸುವ ಔಷಧವೇ ಅಳೆಯಬೇಕಾದ ಹೃದಯದ ನಡೆಯನ್ನು ಬದಲಿಸಿಬಿಡಬಲ್ಲದು.

ಹೃದಯಕ್ಕೆ ನಳಿಗೆ ತೂರಿಸುವ ಸಾಹಸವನ್ನು ಮೊದಲು ಮಾಡಿದ್ದು ಜರ್ಮನಿಯ ಎಬರ್ಸ್‌ವಾಲ್ಡೆ ಪಟ್ಟಣದ ಯುವ ವೈದ್ಯ ವೆರ್ನರ್ ಫೋರ್ಸ್‌ಮಾನ್, 1929ರಲ್ಲಿ, ತನ್ನ ಮೇಲೆಯೇ. ಮೊಳಕೈ ಬಳಿ ಮರಗಟ್ಟಿಸಿಕೊಂಡು, ಮೂತ್ರನಾಳಕ್ಕೆ ಬಳಸುವ ನಳಿಗೆಯೊಂದನ್ನು ಸುಮಾರು 65 ಸೆಂಟಿಮೀಟರ್ ಒಳಕ್ಕೆ ನೂಕಿ, ಎಕ್ಸ್‌ರೇ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡ. ಆ ಹುಚ್ಚಾಟಕ್ಕೆ ಆಗ ಬೈಗುಳ, 1956ರಲ್ಲಿ ಕೂರ್ನಾ ಮತ್ತು ರಿಚರ್ಡ್ಸ್ ಅವರೊಂದಿಗೆ ನೊಬೆಲ್. ಮಕ್ಕಳ ಮಟ್ಟಿಗೆ ದೊಡ್ಡ ತಿರುವು ಬಂದದ್ದು 1966ರಲ್ಲಿ. ಮಹಾಅಪಧಮನಿ, ಪುಪ್ಪುಸ ಅಪಧಮನಿಗಳೆರಡೂ ಅದಲುಬದಲಾಗಿ ಹುಟ್ಟಿದ ನೀಲಿಗಟ್ಟಿದ ಶಿಶುಗಳ ಹೃತ್ಕರ್ಣಗಳ ನಡುವಿನ ಪರದೆಯನ್ನು ಫಿಲಡೆಲ್ಫಿಯಾದ ವಿಲಿಯಂ ರಾಷ್ಕಿಂಡ್ ಪುಟ್ಟ ಬಲೂನಿನಿಂದ ಎಳೆದು ಹರಿದು, ರಕ್ತ ಬೆರೆಯಲು ದಾರಿ ಮಾಡಿಕೊಟ್ಟರು. 1982ರಲ್ಲಿ ಬಾಲ್ಟಿಮೋರಿನ ಜೀನ್ ಕಾನ್ ಮತ್ತು ಜೊತೆಗಾರರು ಕಿರಿದಾದ ಪುಪ್ಪುಸ ಕವಾಟವನ್ನು ಬಲೂನಿನಿಂದ ಹಿಗ್ಗಿಸಿ ತೋರಿಸಿದರು. 1990ರ ದಶಕದಿಂದ ನಿಟಿನಾಲ್ ತಂತಿಯಿಂದ ಹೆಣೆದ, ಎರಡು ಬಿಲ್ಲೆಗಳ ಮುಚ್ಚಳಗಳು ಬಂದು ‘ಹೃದಯದ ತೂತು’ ಮುಚ್ಚಲು ಎಷ್ಟೋ ಮಕ್ಕಳಿಗೆ ಎದೆ ಸೀಳುವುದು ತಪ್ಪಿತು. ಹುಟ್ಟುವ ಸಾವಿರ ಮಕ್ಕಳಲ್ಲಿ 8ರಿಂದ 9 ಮಕ್ಕಳಿಗೆ ಹೃದಯದ ಯಾವುದೋ ಒಂದು ಊನ ಇರುತ್ತದೆ. ಎಲ್ಲವೂ ಕ್ಯಾಥ್‌ಲ್ಯಾಬಿನವಲ್ಲ, ಆದರೂ ಅಲ್ಲಿಗೆ ಬರುವವರ ಸಾಲು ಸಣ್ಣದಲ್ಲ.

ಅಲ್ಲಿ ನಡೆಯುವ ಕೆಲಸ ಎರಡು ಬಗೆಯದು. ಒಂದು ರಿಪೇರಿ: ತೂತು ಮುಚ್ಚುವುದು, ಕವಾಟ ಹಿಗ್ಗಿಸುವುದು, ಸ್ಟೆಂಟ್ ಕೂರಿಸುವುದು. ಇನ್ನೊಂದು ಅಳತೆ: ಹೃದಯದ ಪ್ರತಿ ಕೋಣೆಯಲ್ಲೂ ಒತ್ತಡ ನೋಡಿ, ಹನಿ ರಕ್ತ ತೆಗೆದು ಅದರಲ್ಲಿ ಎಷ್ಟು ಆಮ್ಲಜನಕವಿದೆ ಎಂದು ಪರೀಕ್ಷಿಸುವುದು. ಅರಿವಳಿಕೆಯ ನಾಜೂಕೆಲ್ಲ ಈ ಎರಡನೆಯದರಲ್ಲಿದೆ. 1870ರಲ್ಲಿ ಅಡಾಲ್ಫ್ ಫಿಕ್ ಹೇಳಿದ ತತ್ತ್ವದ ಮೇಲೆ ಈ ಲೆಕ್ಕ ನಿಂತಿದೆ. ಒಂದು ಉದಾಹರಣೆ: ಹೃತ್ಕುಕ್ಷಿಗಳ ನಡುವೆ ತೂತಿರುವ ಮಗುವಿನ ಮಹಾಅಪಧಮನಿಯಲ್ಲಿ ಆಮ್ಲಜನಕದ ಪ್ರಮಾಣ ಶೇ 98, ದೇಹ ಸುತ್ತಿ ಮರಳಿದ ರಕ್ತದಲ್ಲಿ ಶೇ 70. ಎರಡರ ವ್ಯತ್ಯಾಸ 28. ಪುಪ್ಪುಸದಿಂದ ಬಂದ ರಕ್ತದಲ್ಲಿ ಶೇ 98, ಪುಪ್ಪುಸಕ್ಕೆ ಹೋಗುವ ರಕ್ತದಲ್ಲಿ ಶೇ 84. ವ್ಯತ್ಯಾಸ 14. ಇಪ್ಪತ್ತೆಂಟನ್ನು ಹದಿನಾಲ್ಕರಿಂದ ಭಾಗಿಸಿದರೆ 2. ಅಂದರೆ ದೇಹಕ್ಕೆ ಹೋಗುವ ರಕ್ತದ ಎರಡರಷ್ಟು ರಕ್ತ ಪುಪ್ಪುಸದಲ್ಲಿ ಸುತ್ತುತ್ತಿದೆ. ಮಗುವಿಗೆ ಶಸ್ತ್ರಚಿಕಿತ್ಸೆ ಬೇಕೆ, ಇನ್ನೂ ಮಾಡಬಹುದೆ, ಕಾಲ ಮೀರಿತೆ ಎನ್ನುವ ತೀರ್ಮಾನ ಇಂಥ ನಾಲ್ಕು ಅಂಕಿಗಳ ಮೇಲೆ ನಿಲ್ಲುತ್ತದೆ.

ಈ ಅಂಕಿಗಳನ್ನು ಕೆಡಿಸುವುದು ಬಹಳ ಸುಲಭ. ಮೂಗಿಗೆ ಧಾರಾಳವಾಗಿ ಆಮ್ಲಜನಕ ಬಿಟ್ಟರೆ ಪುಪ್ಪುಸದ ರಕ್ತನಾಳಗಳು ಸಡಿಲಗೊಂಡು, ಇಲ್ಲದ ಸುಖವನ್ನು ತೋರಿಸುತ್ತವೆ. ಹಾಗಾಗಿ ಅಳತೆಯ ಹೊತ್ತಿನಲ್ಲಿ ಮಗು ಉಸಿರಾಡಬೇಕಾದದ್ದು ಕೋಣೆಯ ಗಾಳಿಯನ್ನೇ, ಶೇ 21ರಷ್ಟು ಆಮ್ಲಜನಕವಿರುವುದನ್ನು. ಔಷಧ ಹೆಚ್ಚಾಗಿ ಉಸಿರು ನಿಧಾನವಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಅದೇ ರಕ್ತನಾಳಗಳು ಬಿಗಿಯುತ್ತವೆ. ಆಗ ಇಲ್ಲದ ಕಾಯಿಲೆ ಕಾಣಿಸುತ್ತದೆ. ಮಗು ಅರೆಎಚ್ಚರದಲ್ಲಿ ಅತ್ತರೂ ಲೆಕ್ಕ ಹಾಳು. ಗಾಢ ನಿದ್ದೆ, ಆದರೆ ತಾನಾಗಿ ಉಸಿರಾಟ, ಹೊರಗಿನ ಆಮ್ಲಜನಕವಿಲ್ಲ, ರಕ್ತದೊತ್ತಡ ಮನೆಯಲ್ಲಿದ್ದಂತೆಯೇ: ಇಷ್ಟನ್ನೂ ಒಟ್ಟಿಗೆ ಕೇಳುವ ಕೋಣೆ ಆಸ್ಪತ್ರೆಯಲ್ಲಿ ಇನ್ನೊಂದಿರಲಾರದು.

ಹಳೆಯ ಕಾಲದ ಪರಿಹಾರ ಒರಟಾಗಿತ್ತು. 1950ರ ದಶಕದಲ್ಲಿ ಪೆಥಿಡಿನ್, ಕ್ಲೋರ್‌ಪ್ರೊಮಜಿನ್, ಪ್ರೊಮೆಥಜಿನ್ ಮೂರನ್ನೂ ಬೆರೆಸಿ ಮಾಂಸಖಂಡಕ್ಕೆ ಚುಚ್ಚುತ್ತಿದ್ದರು. ಯಾವ ಮಗು ಎಷ್ಟು ಹೊತ್ತಿಗೆ ಮಲಗುತ್ತದೆ, ಎಷ್ಟು ಹೊತ್ತಿಗೆ ಏಳುತ್ತದೆ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ಸ್ನಾಯುವಿಗೆ ಕೊಟ್ಟ ಔಷಧವನ್ನು ಹಿಂದಕ್ಕೆಳೆಯಲಾಗದು, ನಿಲ್ಲಿಸಲೂ ಆಗದು. ಅಭಿಧಮನಿಯ ಮೂಲಕ ಹನಿಹನಿಯಾಗಿ ಕೊಡುವುದರ ಮುಖ್ಯ ಲಾಭವೇ ಇದು: ಬೇಕಾದಷ್ಟು ಏರಿಸಬಹುದು, ಸಾಕೆನಿಸಿದಾಗ ಪಂಪು ನಿಲ್ಲಿಸಬಹುದು. ಸೆವೋಫ್ಲುರೇನಿನಂಥ ಅನಿಲದಿಂದಲೂ ಮಕ್ಕಳನ್ನು ಚೆನ್ನಾಗಿಯೇ ಮಲಗಿಸಬಹುದು, ಎಷ್ಟೋ ಕಡೆ ಮಲಗಿಸುತ್ತಾರೆ ಕೂಡ. ಆದರೆ ಪ್ರಮಾಣ ಏರಿದಂತೆ ಅದು ಹೃದಯದ ಹಿಂಡುವ ಬಲವನ್ನು ಕುಗ್ಗಿಸುತ್ತದೆ, ಅದಕ್ಕೆ ಅನಿಲ ಯಂತ್ರವೂ ಹೊರಬಿಟ್ಟ ಅನಿಲವನ್ನು ಸಾಗಹಾಕುವ ಏರ್ಪಾಡೂ ಬೇಕು.

ಅಭಿಧಮನಿಗೆ ಕೊಡುವ ಔಷಧಗಳಲ್ಲಿ ಹಳೆಯ ನಂಟು ಕೆಟಮಿನ್‌ನದು. 1962ರಲ್ಲಿ ಅಮೆರಿಕದ ಪಾರ್ಕ್-ಡೇವಿಸ್ ಕಂಪನಿಗಾಗಿ ಕ್ಯಾಲ್ವಿನ್ ಸ್ಟೀವನ್ಸ್ ಇದನ್ನು ತಯಾರಿಸಿದರು. 1964ರಲ್ಲಿ ಎಡ್ವರ್ಡ್ ಡೊಮಿನೊ ಮತ್ತು ಗುಂಟರ್ ಕಾರ್ಸೆನ್ ಮಿಷಿಗನ್‌ನ ಜೈಲಿನ ಸ್ವಯಂಸೇವಕ ಕೈದಿಗಳಿಗೆ ಮೊದಲ ಬಾರಿ ಕೊಟ್ಟು ನೋಡಿದರು. ಕಣ್ಣು ತೆರೆದೇ ಇರುತ್ತದೆ, ಆದರೆ ನೋವಿಲ್ಲ, ನೆನಪಿಲ್ಲ, ಲೋಕದ ನಂಟೇ ಕಡಿದುಹೋದಂತೆ. ಡೊಮಿನೊ ಅವರ ಹೆಂಡತಿ ಇದಕ್ಕೆ ಸೂಚಿಸಿದ ‘ವಿಯೋಜಕ ಅರಿವಳಿಕೆ’ ಎಂಬರ್ಥದ ಹೆಸರು ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಹೃದ್ರೋಗದ ಮಕ್ಕಳಿಗೆ ಇದು ಒಗ್ಗುವುದಕ್ಕೆ ಕಾರಣ ಅದರ ತಿರುಗುಮುರುಗು ಗುಣ. ಬೇರೆ ಅರಿವಳಿಕೆಗಳು ರಕ್ತದೊತ್ತಡ ಇಳಿಸಿದರೆ, ಕೆಟಮಿನ್ ದೇಹದ ಸ್ವಂತ ಅಡ್ರಿನಲಿನ್ ವರ್ಗದ ರಸಗಳನ್ನು ಹೊರಡಿಸಿ ನಾಡಿಯನ್ನೂ ಒತ್ತಡವನ್ನೂ ಎತ್ತಿಹಿಡಿಯುತ್ತದೆ. ಉಸಿರಾಟ ಬಹುಮಟ್ಟಿಗೆ ಉಳಿಯುತ್ತದೆ. ಕೆ.ಜಿ.ಗೆ 1ರಿಂದ 2 ಮಿಲಿಗ್ರಾಂ ಕೊಟ್ಟರೆ ಒಂದು ನಿಮಿಷದೊಳಗೆ ಮಗು ಮಲಗಿ, ಹತ್ತು ಹದಿನೈದು ನಿಮಿಷ ಹಾಗೇ ಇರುತ್ತದೆ. ಅವಗುಣಗಳೂ ಇವೆ: ಬಾಯಲ್ಲಿ ಜೊಲ್ಲು ಹೆಚ್ಚುತ್ತದೆ, ವಾಂತಿ ಬರಬಹುದು, ಏಳುವಾಗ ಕೆಲವು ಮಕ್ಕಳು ಭ್ರಮೆಯಲ್ಲಿ ಕೂಗಾಡುತ್ತಾರೆ. ಸ್ವಂತ ಅಡ್ರಿನಲಿನ್ ದಾಸ್ತಾನು ಬರಿದಾಗಿರುವ, ವಾರಗಟ್ಟಲೆ ಐಸಿಯುನಲ್ಲಿ ಮಲಗಿದ್ದ ಮಗುವಿಗೆ ಕೊಟ್ಟರೆ ಎತ್ತಿಹಿಡಿಯುವ ಗುಣವೂ ಕೈಕೊಟ್ಟು, ಹೃದಯವನ್ನು ಕುಗ್ಗಿಸುವ ಅದರ ಇನ್ನೊಂದು ಮುಖ ಹೊರಬೀಳುತ್ತದೆ.

ಪ್ರೊಪೊಫಾಲ್‌ದು ಬೇರೆಯೇ ಸ್ವಭಾವ. ಹಾಲಿನಂತೆ ಬೆಳ್ಳಗಿರುವ ಈ ಔಷಧವನ್ನು ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ರೂಪಿಸಿದವರು ಪಶುವೈದ್ಯ ಜಾನ್ ಗ್ಲೆನ್. ಮೊದಲ ಮಿಶ್ರಣ ಅಲರ್ಜಿ ತಂದದ್ದರಿಂದ ಅದನ್ನು ಬಿಟ್ಟು, ಸೋಯಾ ಎಣ್ಣೆಯಲ್ಲಿ ಕದಡಿದ ರೂಪದಲ್ಲಿ 1986ರಲ್ಲಿ ಮಾರುಕಟ್ಟೆಗೆ ತಂದರು; 2018ರಲ್ಲಿ ಗ್ಲೆನ್ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. ಬೇಗ ಮಲಗಿಸುತ್ತದೆ, ಪಂಪು ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಮಗು ಹಗುರಾಗಿ ಏಳುತ್ತದೆ, ವಾಂತಿ ಕಡಿಮೆ. ದೊಡ್ಡವರಿಗಿಂತ ಮಕ್ಕಳಿಗೆ ತೂಕದ ಲೆಕ್ಕದಲ್ಲಿ ಹೆಚ್ಚು ಬೇಕು ಎಂಬುದು ಹೊಸಬರಿಗೆ ಅಚ್ಚರಿ. ಮಗುವಿನ ದೇಹದಲ್ಲಿ ಔಷಧ ಹರಡಿಕೊಳ್ಳುವ ಜಾಗವೂ ಅದನ್ನು ತೊಳೆದುಹಾಕುವ ವೇಗವೂ ತೂಕಕ್ಕೆ ಹೋಲಿಸಿದರೆ ದೊಡ್ಡದು. ಆದ್ದರಿಂದಲೇ ರಕ್ತದಲ್ಲಿ ಔಷಧದ ಪ್ರಮಾಣವನ್ನು ಅಂದಾಜು ಮಾಡಿ ತಾನೇ ವೇಗ ಹೊಂದಿಸಿಕೊಳ್ಳುವ ಪಂಪುಗಳಿಗೆ ಮಕ್ಕಳದೇ ಆದ ಗಣಿತ ಬೇಕಾಯಿತು. ಕಟಾರಿಯಾ, ಪೀಡ್‌ಫ್ಯೂಸರ್ ಎಂಬ ಹೆಸರಿನ ಮಾದರಿಗಳು ಹುಟ್ಟಿದ್ದು ಹೀಗೆ. ಪ್ರೊಪೊಫಾಲ್‌ನ ದೊಡ್ಡ ತೊಂದರೆಯೆಂದರೆ ದೇಹದ ರಕ್ತನಾಳಗಳನ್ನು ಸಡಿಲಿಸುವುದು. ಸಾಮಾನ್ಯ ಮಗುವಿಗೆ ಅದೇನೂ ದೊಡ್ಡದಲ್ಲ. ಹೃದಯದಲ್ಲಿ ತೂತಿನಂಥ ಅಡ್ಡದಾರಿಯಿರುವ ಮಗುವಿಗೆ ಮಾತ್ರ ಅದು ರಕ್ತದ ದಿಕ್ಕನ್ನೇ ತಿರುಗಿಸಬಲ್ಲದು.

ಅದು ಹೇಗೆಂದು ತಿಳಿಯಲು ಒಂದೇ ಕೆರೆಯ ತೂಬಿನಿಂದ ಹೊರಟ ಎರಡು ಕಾಲುವೆಗಳನ್ನು ನೆನೆದರಾಯಿತು. ಒಂದರಲ್ಲಿ ಹೂಳು ತೆಗೆದರೆ ನೀರು ಆ ಕಡೆಗೇ ನುಗ್ಗುತ್ತದೆ, ಇನ್ನೊಂದರ ಗದ್ದೆ ಒಣಗುತ್ತದೆ. ಹೃತ್ಕುಕ್ಷಿಗಳ ನಡುವೆ ದೊಡ್ಡ ತೂತಿರುವಾಗ ಪುಪ್ಪುಸ ಒಂದು ಕಾಲುವೆ, ದೇಹ ಇನ್ನೊಂದು. ಟೆಟ್ರಾಲಜಿ ಆಫ್ ಫ್ಯಾಲೋ ಎಂಬ ಹುಟ್ಟು ಊನವಿರುವ ಮಗುವಿನಲ್ಲಿ ಇಂಥ ತೂತಿನ ಜೊತೆಗೆ ಪುಪ್ಪುಸದ ದಾರಿಯೂ ಮೊದಲೇ ಕಿರಿದು. ಪ್ರೊಪೊಫಾಲ್ ಕೊಟ್ಟು ದೇಹದ ಕಾಲುವೆಯನ್ನು ಸಡಿಲಿಸಿದರೆ ನೀಲಿ ರಕ್ತ ಪುಪ್ಪುಸವನ್ನು ಮುಟ್ಟದೆ ಅಡ್ಡದಾರಿಯಲ್ಲಿ ನೇರ ದೇಹಕ್ಕೆ ನುಗ್ಗುತ್ತದೆ; ಮಗು ಇನ್ನಷ್ಟು ನೀಲಿಯಾಗುತ್ತದೆ. ಇಂಥ ಮಗುವಿಗೆ ದೇಹದ ತಡೆಯನ್ನು ಉಳಿಸಿಕೊಡುವ ಕೆಟಮಿನ್ ವಾಸಿ. ಆದರೂ ನೀಲಿ ಹೊಡೆತ ಬಂದರೆ ಮೊಣಕಾಲುಗಳನ್ನು ಎದೆಗೆ ಒತ್ತಿ, ದ್ರವ ಕೊಟ್ಟು, ಫೀನೈಲ್‌ಎಫ್ರಿನ್‌ನಿಂದ ದೇಹದ ನಾಳಗಳನ್ನು ಬಿಗಿ ಮಾಡಬೇಕು. ನೀಲಿಗಟ್ಟುವ ಮಕ್ಕಳು ಆಡುತ್ತಾಡುತ್ತ ಕುಕ್ಕರಗಾಲಿನಲ್ಲಿ ಕೂರುವುದನ್ನು ತಾಯಂದಿರು ಗಮನಿಸಿರುತ್ತಾರೆ. ಮಗು ತಾನಾಗಿ ಕಂಡುಕೊಂಡ ಆ ಉಪಾಯದ ತತ್ತ್ವವೂ ಇದೇ.

ತೂತಿನಲ್ಲಿ ರಕ್ತ ಎಡದಿಂದ ಬಲಕ್ಕೆ ಹರಿಯುತ್ತಿರುವ, ಅಂದರೆ ಪುಪ್ಪುಸಕ್ಕೇ ಹೆಚ್ಚು ಹೋಗುತ್ತಿರುವ ಮಗುವಿಗೆ ಪ್ರೊಪೊಫಾಲ್ ತಾಳಿಕೊಳ್ಳುವುದು ಕಷ್ಟವಲ್ಲ. ಆದರೆ ದೇಹದ ಕಾಲುವೆ ಸಡಿಲವಾದಾಗ ಪುಪ್ಪುಸಕ್ಕೆ ಹೋಗುವ ಪಾಲು ತಗ್ಗುವುದರಿಂದ, ಮೇಲಿನ ಉದಾಹರಣೆಯ 2 ಎಂಬ ಉತ್ತರ ಅದಕ್ಕಿಂತ ಕಡಿಮೆಯಾಗಿ ಕಾಣಬಹುದು. ಮಗುವಿಗೆ ಅಪಾಯವಿಲ್ಲ, ತೀರ್ಮಾನಕ್ಕೆ ಅಪಾಯವಿದೆ. ಮಹಾಅಪಧಮನಿಯ ಕವಾಟ ತೀರಾ ಕಿರಿದಾದವರಲ್ಲಿ ಒತ್ತಡ ಕುಸಿದರೆ ಹೃದಯದ ಗೋಡೆಗೇ ರಕ್ತ ಸಿಗದೆ ಬಡಿತ ನಿಲ್ಲಬಹುದು. ಅಲ್ಲಿ ಪ್ರೊಪೊಫಾಲ್ ಒಂದೇ ಸಲಕ್ಕೆ ಸುರಿಯುವುದು ಮೂರ್ಖತನ. ಎಲ್ಲಕ್ಕಿಂತ ಹೆದರಬೇಕಾದವರು ಪುಪ್ಪುಸದ ಒತ್ತಡ ವಿಪರೀತ ಏರಿರುವ ಮಕ್ಕಳು. ಇವರಲ್ಲಿ ಒಂದು ಕೆಮ್ಮು, ಒಂದು ನೋವು, ಕ್ಷಣ ಹೊತ್ತಿನ ಉಸಿರುಗಟ್ಟುವಿಕೆಯೂ ಪುಪ್ಪುಸದ ನಾಳಗಳನ್ನು ಮುಷ್ಟಿಯಂತೆ ಬಿಗಿಸಬಲ್ಲದು. ಆಗ ಅಳತೆಯ ಶಿಸ್ತನ್ನೆಲ್ಲ ಬದಿಗಿಟ್ಟು ನೂರಕ್ಕೆ ನೂರು ಆಮ್ಲಜನಕ ಮತ್ತು ನೈಟ್ರಿಕ್ ಆಕ್ಸೈಡ್ ಅನಿಲ ಕೊಡಬೇಕಾಗುತ್ತದೆ. ಕೆಟಮಿನ್ ಪುಪ್ಪುಸದ ಒತ್ತಡ ಏರಿಸುತ್ತದೆಂಬ ಭಯ ಬಹುಕಾಲ ಇತ್ತು. ಉಸಿರಾಟವನ್ನು ಸರಿಯಾಗಿ ಕಾಯ್ದುಕೊಂಡ ಮಕ್ಕಳಲ್ಲಿ ಅಂಥ ಏರಿಕೆ ಕಾಣಲಿಲ್ಲವೆಂದು ನಂತರದ ಅಧ್ಯಯನಗಳು ತೋರಿಸಿದ ಮೇಲೆ ಆ ಭಯ ತಗ್ಗಿದೆ.

ಒಂದು ಒತ್ತಡ ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ; ಎರಡನ್ನೂ ಸ್ವಲ್ಪ ಸ್ವಲ್ಪ ಬೆರೆಸಿದರೆ? ಕೆಟಮಿನ್ ಮತ್ತು ಪ್ರೊಪೊಫಾಲ್ ಜೋಡಿಗೆ ಅರಿವಳಿಕೆ ತಜ್ಞರು ‘ಕೆಟೊಫಾಲ್’ ಎಂದು ಅಡ್ಡಹೆಸರನ್ನೇ ಇಟ್ಟಿದ್ದಾರೆ. ಎರಡರ ಪ್ರಮಾಣವೂ ತಗ್ಗುತ್ತದೆ, ಒಂದರ ದೋಷವನ್ನು ಇನ್ನೊಂದು ಸರಿದೂಗಿಸುತ್ತದೆ. ಈಚಿನ ಇನ್ನೊಂದು ಸೇರ್ಪಡೆ ಡೆಕ್ಸ್‌ಮೆಡಿಟೊಮಿಡಿನ್. ಅಮೆರಿಕದಲ್ಲಿ 1999ರಲ್ಲಿ ಐಸಿಯು ರೋಗಿಗಳಿಗೆಂದು ಒಪ್ಪಿಗೆ ಪಡೆದ ಈ ಔಷಧ ತರುವ ನಿದ್ದೆ ಸಹಜ ನಿದ್ದೆಯನ್ನು ಹೋಲುತ್ತದೆ, ಉಸಿರನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ. ಆದರೆ ನಾಡಿಯನ್ನು ನಿಧಾನ ಮಾಡುತ್ತದೆ. ನಾಡಿ ಏರಿಸುವ ಕೆಟಮಿನ್ ಜೊತೆ ಕೊಡುವುದು ಅದಕ್ಕಾಗಿಯೇ. ಹೃದಯದ ವಿದ್ಯುತ್ ಹಾದಿಯನ್ನು ಪರೀಕ್ಷಿಸುವ ದಿನ ಮಾತ್ರ ಇದನ್ನು ದೂರವಿಡುವವರೇ ಹೆಚ್ಚು, ಪರೀಕ್ಷಿಸಬೇಕಾದ ಹಾದಿಯನ್ನೇ ಇದು ಮಂದಗೊಳಿಸುತ್ತದೆ. ನೋವಿಗೆ ಫೆಂಟನಿಲ್, ಹೆದರಿಕೆಗೆ ಮಿಡಜೋಲಾಮ್ ಒತ್ತಾಸೆಗೆ ಇರುತ್ತವೆ. ತೊಡೆಸಂದಿಗೆ ಲಿಗ್ನೊಕೇನ್ ಚುಚ್ಚಿ ಮರಗಟ್ಟಿಸುವುದನ್ನು ಮರೆಯಬಾರದು. ನಳಿಗೆ ಹೊಗುವ ಜಾಗದಲ್ಲಿ ನೋವಿಲ್ಲದಿದ್ದರೆ ಮಿಕ್ಕೆಲ್ಲಕ್ಕೂ ಕಡಿಮೆ ಔಷಧ ಸಾಕು.

ಇದೆಲ್ಲ ಶುರುವಾಗುವುದಕ್ಕೆ ಮೊದಲು ಒಂದು ರಕ್ತನಾಳ ಸಿಗಬೇಕಲ್ಲ! ಗುಂಡುಗುಂಡಗಿನ ಕೈಯಲ್ಲಿ, ಅದರಲ್ಲೂ ಹತ್ತಾರು ಸಲ ಆಸ್ಪತ್ರೆ ಕಂಡ ಮಗುವಿನ ಕೈಯಲ್ಲಿ, ಕ್ಯಾನುಲಾ ಹಾಕುವುದು ಕ್ಯಾಥ್‌ಲ್ಯಾಬಿನ ಎಷ್ಟೋ ಬೆಳಗುಗಳ ಕಠಿಣ ಘಟ್ಟ. ಒಂದು ಗಂಟೆ ಮುಂಚೆ ಮರಗಟ್ಟಿಸುವ ಮುಲಾಮು ಹಚ್ಚಿಟ್ಟರೆ ಚುಚ್ಚಿದ್ದು ಅಷ್ಟಾಗಿ ತಿಳಿಯದು. ಸಿಹಿ ಬೆರೆಸಿದ ಮಿಡಜೋಲಾಮ್ ಕುಡಿಸುವುದುಂಟು, ಡೆಕ್ಸ್‌ಮೆಡಿಟೊಮಿಡಿನ್ ಅನ್ನು ಮೂಗಿಗೆ ಹನಿ ಹಾಕುವುದೂ ಉಂಟು. ತಾಯಿಯ ಮಡಿಲಲ್ಲೇ ಮಂಪರು ಹತ್ತಿದ ಮೇಲೆ ಒಳಗೆ ಕರೆದೊಯ್ಯುತ್ತಾರೆ. ಉಪವಾಸದ ಲೆಕ್ಕವೂ ಇಲ್ಲಿ ಸೂಕ್ಷ್ಮ. ರಾಗಿ ಸರಿ, ಹಸುವಿನ ಹಾಲಿಗೆ 6 ಗಂಟೆ, ಎದೆಹಾಲಿಗೆ 3ರಿಂದ 4 ಗಂಟೆ, ನೀರಿಗೆ ಒಂದೆರಡು ಗಂಟೆಯ ಅಂತರ ಸಾಕು. ‘ರಾತ್ರಿಯಿಂದ ಏನೂ ಕೊಡಬೇಡಿ’ ಎಂದು ಸಾರಾಸಗಟು ಹೇಳುವ ಹಳೆಯ ರೂಢಿ ನೀಲಿಗಟ್ಟಿದ ಮಕ್ಕಳಿಗೆ ನಿಜಕ್ಕೂ ಕೆಟ್ಟದ್ದು. ಅವರ ರಕ್ತದಲ್ಲಿ ಕೆಂಪು ಕಣಗಳು ಮೊದಲೇ ಹೆಚ್ಚು. ನೀರು ಕಡಿಮೆಯಾದರೆ ರಕ್ತ ಇನ್ನೂ ಮಂದವಾಗಿ ಹೆಪ್ಪುಗಟ್ಟುವ ಭಯವಿದೆ. ಸರದಿ ತಡವಾಗುವುದಾದರೆ ಡ್ರಿಪ್ ಹಾಕಿಯೇ ಕಾಯಿಸಬೇಕು.

ಡ್ರಿಪ್ಪಿನ ನಳಿಗೆಯಲ್ಲಿ ಒಂದು ಗಾಳಿಗುಳ್ಳೆ ಕಂಡರೆ ಬೇರೆ ವಾರ್ಡಿನಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಅದು ಪುಪ್ಪುಸಕ್ಕೆ ಹೋಗಿ ಅಲ್ಲೇ ಸೋಸಿಹೋಗುತ್ತದೆ. ಬಲದಿಂದ ಎಡಕ್ಕೆ ಅಡ್ಡದಾರಿಯಿರುವ ಹೃದಯದಲ್ಲಿ ಆ ಜರಡಿಯೇ ತಪ್ಪಿಹೋಗಿದೆ. ಕೈಯಿಂದ ಹೊರಟ ಗುಳ್ಳೆ ನೇರ ಮಿದುಳಿಗೆ ಏರಬಹುದು. ಔಷಧವೂ ಇದೇ ಅಡ್ಡದಾರಿ ಹಿಡಿಯುತ್ತದೆ: ಇಂಥ ಮಕ್ಕಳಲ್ಲಿ ಅನಿಲದ ಅರಿವಳಿಕೆ ತಡವಾಗಿ ಹತ್ತಿದರೆ, ರಕ್ತನಾಳಕ್ಕೆ ಕೊಟ್ಟದ್ದು ಎಂದಿಗಿಂತ ಬೇಗ ಮಿದುಳು ಮುಟ್ಟುತ್ತದೆ. ನಿಧಾನವಾಗಿ ಕೊಡಬೇಕೆನ್ನುವುದು ಅದಕ್ಕೇ.

ಕ್ಯಾಥ್‌ಲ್ಯಾಬ್ ಎಂಬುದು ಅರಿವಳಿಕೆ ತಜ್ಞರ ಮನೆಯಲ್ಲ, ಅವರು ಅಲ್ಲಿ ಅತಿಥಿ. ಮಗುವಿನ ತಲೆಯ ಬಳಿ ಎಕ್ಸ್‌ರೇ ಯಂತ್ರದ ತೋಳು ಸುತ್ತುತ್ತಿರುತ್ತದೆ. ಸೀಸದ ಅಂಗಿ ತೊಟ್ಟ ತಜ್ಞರು ದೂರ ನಿಂತು ಉದ್ದನೆಯ ನಳಿಗೆಯ ಮೂಲಕ ಔಷಧ ಬಿಡಬೇಕು. ದೀಪ ಮಂದ, ಕೋಣೆ ತಣ್ಣಗೆ, ಪುಟ್ಟ ಮೈ ಬೇಗ ಆರುತ್ತದೆ. ಮುಖದ ಬಣ್ಣ ಕಾಣುವುದಿಲ್ಲವಾದ್ದರಿಂದ ನಂಬಿಕೆಯೆಲ್ಲ ಯಂತ್ರಗಳ ಮೇಲೆ. 1970ರ ದಶಕದಲ್ಲಿ ಜಪಾನಿನ ಟಕುವೊ ಅವೊಯಾಗಿ ಕಂಡುಹಿಡಿದ ಪಲ್ಸ್ ಆಕ್ಸಿಮೀಟರ್ ತತ್ತ್ವ, ಉಸಿರಿನ ಇಂಗಾಲದ ಡೈಆಕ್ಸೈಡನ್ನು ಗೆರೆಯಾಗಿ ಬರೆಯುವ ಮಾನಿಟರ್, ಇವೆರಡಿಲ್ಲದೆ ಇವತ್ತು ಯಾರೂ ಈ ಕೆಲಸಕ್ಕೆ ಕೈಹಾಕಬಾರದು. ಮೂರು ಕೆ.ಜಿ. ತೂಕದ ಶಿಶುವಿನ ಮೈಯಲ್ಲಿರುವ ರಕ್ತವೇ ಸುಮಾರು 250 ಮಿಲಿಲೀಟರ್, ಒಂದು ಲೋಟದಷ್ಟು. ಪರೀಕ್ಷೆಗೆಂದು ತೆಗೆದ ಪ್ರತಿ ಮಿಲಿಲೀಟರಿಗೂ ಲೆಕ್ಕವಿಡಬೇಕು. ಹೊತ್ತು ಹಿಡಿಯುವ ರಿಪೇರಿಗಳಲ್ಲಿ, ಗಂಟಲಿಗೆ ಎಕೋ ನಳಿಗೆ ಇಳಿಸಬೇಕಾದಾಗ, ತೀರಾ ಎಳೆಯ ಶಿಶುಗಳಲ್ಲಿ ತಾನಾಗಿ ಉಸಿರಾಡಲಿ ಎಂಬ ಆಸೆ ಬಿಟ್ಟು ಉಸಿರುನಳಿಗೆ ಹಾಕಿ ವೆಂಟಿಲೇಟರಿಗೆ ಜೋಡಿಸುವುದೇ ಜಾಣತನ.

ಮಿದುಳಿಗೆ ಏನಾದರೂ ತೊಂದರೆಯೇ ಎಂದು ಹೆತ್ತವರು ಕೇಳುತ್ತಾರೆ. ಮೂರು ವರ್ಷದೊಳಗಿನ ಮಕ್ಕಳಿಗೆ ಮತ್ತೆ ಮತ್ತೆ, ಅಥವಾ ಮೂರು ಗಂಟೆಗಿಂತ ಹೆಚ್ಚು ಹೊತ್ತು ಅರಿವಳಿಕೆ ಕೊಡುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಎಚ್ಚರಿಕೆ ಹೊರಡಿಸಿತು. ಶೈಶವದಲ್ಲಿ ಒಂದು ಗಂಟೆಗಿಂತ ಕಡಿಮೆ ಹೊತ್ತಿನ ಅನಿಲ ಅರಿವಳಿಕೆ ಪಡೆದವರಿಗೂ, ಎಚ್ಚರವಿದ್ದು ಬೆನ್ನಿನ ಚುಚ್ಚುಮದ್ದಿನಲ್ಲಿ ಶಸ್ತ್ರಚಿಕಿತ್ಸೆ ಆದವರಿಗೂ ಐದನೇ ವಯಸ್ಸಿನ ಬುದ್ಧಿಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು 2019ರಲ್ಲಿ ‘ಗ್ಯಾಸ್’ ಅಧ್ಯಯನ ಹೇಳಿತು. ಹೃದ್ರೋಗದ ಮಕ್ಕಳು ಪದೇ ಪದೇ ಬರುವವರಾದ್ದರಿಂದ ಈ ಸಮಾಧಾನ ಅವರಿಗೆ ಪೂರ್ತಿ ಅನ್ವಯಿಸದು. ಚಿಕಿತ್ಸೆ ಮುಂದೂಡುವುದು ಅದಕ್ಕಿಂತ ಅಪಾಯ ಎಂಬುದೂ ಅಷ್ಟೇ ನಿಜ. ಇನ್ನೊಂದು ಭಯವೂ ಇದೆ: ಪ್ರೊಪೊಫಾಲನ್ನು ಗಂಟೆಗೆ ಕೆ.ಜಿ.ಗೆ 4 ಮಿಲಿಗ್ರಾಂ ಮೀರಿ ಎರಡು ದಿನಕ್ಕಿಂತ ಹೆಚ್ಚು ಹರಿಸಿದಾಗ ಬರುವ ಮಾರಕ ತೊಡಕನ್ನು 1992ರಲ್ಲಿ ಐಸಿಯು ಮಕ್ಕಳಲ್ಲಿ ಮೊದಲು ಗುರುತಿಸಿದರು. ಕ್ಯಾಥ್‌ಲ್ಯಾಬಿನ ಒಂದೆರಡು ಗಂಟೆಗೆ ಆ ಭಯ ಅಷ್ಟಿಲ್ಲ.

ಕರ್ನಾಟಕದ ಹಳ್ಳಿಯ ಮಗು ಕ್ಯಾಥ್‌ಲ್ಯಾಬಿಗೆ ತಲುಪುವ ಒಂದು ದಾರಿ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು. ಅಂಗನವಾಡಿ, ಶಾಲೆಗಳಲ್ಲಿ ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗ ಕೇಳಿದ ಸದ್ದು ಬೆಂಗಳೂರಿನ ಜಯದೇವ ಆಸ್ಪತ್ರೆಯ ತನಕ ಕರೆತರಬಹುದು. ಅಗ್ಗದ ಬೆಲೆ, ದೊಡ್ಡ ಯಂತ್ರ ಬೇಡದ ಬಳಕೆ ಇವುಗಳಿಂದಾಗಿ ಭಾರತದಲ್ಲಿ ಕೆಟಮಿನ್ ಇನ್ನೂ ಗಟ್ಟಿಯಾಗಿ ನಿಂತಿದೆ. ಅಮಲಿಗೆ ಬಳಸುವವರು ಹೆಚ್ಚಿದ್ದರಿಂದ 2013ರಲ್ಲಿ ಇದನ್ನು ಕಟ್ಟುನಿಟ್ಟಿನ ‘ಷೆಡ್ಯೂಲ್ ಎಕ್ಸ್’ ಪಟ್ಟಿಗೆ ಸೇರಿಸಲಾಯಿತು. ಬೀಗ, ರಿಜಿಸ್ಟರು ಹೆಚ್ಚಿದವು, ಬಳಕೆ ನಿಂತಿಲ್ಲ.

ಕೆಲಸ ಮುಗಿದ ಮೇಲೆ ತೊಡೆಸಂದನ್ನು ಒತ್ತಿಹಿಡಿದು ರಕ್ತ ನಿಲ್ಲಿಸುತ್ತಾರೆ. ಮುಂದಿನ ನಾಲ್ಕಾರು ಗಂಟೆ ಕಾಲು ಮಡಚುವಂತಿಲ್ಲ. ಥಟ್ಟನೆ ಎದ್ದು ಅಳುತ್ತ ಕಾಲು ಬಡಿಯುವ ಮಗುವಿಗಿಂತ ಮಂಪರಿನಲ್ಲಿ ಮೆಲ್ಲನೆ ಏಳುವ ಮಗು ಇಲ್ಲಿ ಲೇಸು. ಬೇಗ ಎಬ್ಬಿಸುವುದೇ ಹೆಚ್ಚುಗಾರಿಕೆ ಎನ್ನುವ ಮಾತು ಈ ಕೋಣೆಗೆ ಸಲ್ಲದು. ನರ್ಸ್ ಆಗಾಗ ಎರಡೂ ಪಾದಗಳನ್ನು ಮುಟ್ಟಿ ಬಿಸಿ ಒಂದೇ ಸಮನಾಗಿದೆಯೇ, ಪಾದದ ನಾಡಿ ಸಿಗುತ್ತಿದೆಯೇ ಎಂದು ನೋಡುತ್ತಾರೆ. ಪೂರ್ತಿ ಎಚ್ಚರವಾದ ಮೇಲೆ ಒಂದೆರಡು ಗುಟುಕು ನೀರು, ಅದು ನಿಂತರೆ ಹಾಲು. ಅತ್ತ ವೈದ್ಯರು ವರದಿ ಬರೆಯುವಾಗ ಒತ್ತಡ ಮತ್ತು ಆಮ್ಲಜನಕದ ಅಂಕಿಗಳ ಪಕ್ಕದಲ್ಲಿ ಯಾವ ಔಷಧ ಹರಿಯುತ್ತಿತ್ತು, ಮಗು ತಾನಾಗಿ ಉಸಿರಾಡುತ್ತಿತ್ತೇ, ಉಸಿರಾಡಿದ್ದು ಕೋಣೆಯ ಗಾಳಿಯನ್ನೇ ಎಂಬುದನ್ನೂ ನಮೂದಿಸುತ್ತಾರೆ. ವರ್ಷಗಳ ನಂತರ ಅದೇ ಮಗುವನ್ನು ಮತ್ತೆ ನೋಡುವವರು ಆ ಒಂದು ಸಾಲು ಓದಿದ ಮೇಲೆಯೇ ಹಳೆಯ ಅಂಕಿಗಳನ್ನು ಹೊಸದರೊಂದಿಗೆ ಹೋಲಿಸುತ್ತಾರೆ.